ಬಾದಾಮಿಯ ಬಂಡೆ, ಚಿಕ್ಕಬೆಟ್ಟದ ಬಂಡೆ: ಎರಡು ಹಳಗನ್ನಡ ಪದ್ಯಗಳ ತೌಲನಿಕ ಓದು

ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗುವವರಿಗೆ ಎಡಗಡೆಯಲ್ಲಿ ಸಿಗುವ ಊರು ಕೊಡಿಗೇಹಳ್ಳಿ. ಈಗ ಅದು ಬೆಂಗಳೂರಿನ ಬಡಾವಣೆಗಳಲ್ಲೊಂದು. ಆದರೆ ಊರಿನ ಹೆಸರು ಮಾತ್ರ ಹಳೆಯ ಕಾಲದ್ದು. 'ಕೊಡಿಗೆ', 'ಕೊಡಗಿ', 'ಕೊಡಗೆ' ಎಂದರೆ ದತ್ತಿಯಾಗಿ ಬಿಟ್ಟ ಭೂಮಿ. ಕೆರೆಕಟ್ಟೆಗಳನ್ನು ಕಟ್ಟಿಸಿದವರಿಗೆ ಕೊಟ್ಟದ್ದು ಕಟ್ಟುಗೊಡಗೆ. ಊರಿಗಾಗಿ ಕಾದಾಡಿ ಮಡಿದವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಸತ್ತವನ ಹೆಸರನ್ನು ಉಳಿಸುವುದು, ಉಳಿದವರ ಹೊಟ್ಟೆಗೆ ನೆಲ ಕೊಡುವುದು, ಇವೆರಡೂ ಅಂದಿನ ಸಮಾಜಕ್ಕೆ ಒಂದೇ ಕರ್ತವ್ಯದ ಎರಡು ಮುಖಗಳಾಗಿದ್ದವು.

ಕೊಡಿಗೇಹಳ್ಳಿಯ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿರುವ ಹೆಬ್ಬಾಳದಲ್ಲಿ 2018ರಲ್ಲಿ ಕಾಮಗಾರಿಗೆಂದು ನೆಲ ಅಗೆದಾಗ ಇದಕ್ಕೆ ಪ್ರತ್ಯಕ್ಷ ಸಾಕ್ಷಿಯೊಂದು ದೊರೆಯಿತು. ಗಂಗರ ಶ್ರೀಪುರುಷನ ಆಳ್ವಿಕೆಯ ಕಾಲದ, ಅಂದರೆ ಸುಮಾರು ಕ್ರಿ.ಶ. 750ರ ವೀರಗಲ್ಲು ಅದು. ಪೆರ್ಬೊಳಲ್ ನಾಡಿನ ಮೇಲೆ ರಾಷ್ಟ್ರಕೂಟರ ಪಡೆ ಬಂದಾಗ ಕಿತ್ತಯ ಎಂಬವನು ಕಾದಾಡಿ ಮಡಿದನೆಂದು ಅದು ಹೇಳುತ್ತದೆ. ಬೆಂಗಳೂರು ಪ್ರದೇಶದ ಅತ್ಯಂತ ಹಳೆಯ ಕನ್ನಡ ಬರಹಗಳ ಸಾಲಿನಲ್ಲಿ ಇದಕ್ಕೆ ಮೊದಲ ಸ್ಥಾನ. 'ಪೆರ್ಬೊಳಲ್' ಎಂಬ ಹಿರಿಯ ಪೊಳಲೇ ಇಂದಿನ ಹೆಬ್ಬಾಳ.

ಕಿತ್ತಯನ ಕಲ್ಲು ಮಾತನಾಡುವುದು ಗದ್ಯದಲ್ಲಿ. ಯಾರ ಆಳ್ವಿಕೆ, ಯಾವ ನಾಡು, ಯಾರು ಬಂದರು, ಯಾರು ಬಿದ್ದರು ಎಂಬುದನ್ನು ಹೇಳಿ ಅದು ಸುಮ್ಮನಾಗುತ್ತದೆ. ಸಾವಿನ ಎದುರು ನಿಂತ ಮನುಷ್ಯನ ಅಂತರಂಗವನ್ನು ಅದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕನ್ನಡ ಪದ್ಯದಲ್ಲಿ ಕೇಳಿದ ಎರಡು ಬರಹಗಳು ಕಿತ್ತಯನಿಗಿಂತ ಒಂದೆರಡು ತಲೆಮಾರು ಹಿಂದೆಯೇ ಈ ನಾಡಿನ ಬೇರೆ ಎರಡು ಬಂಡೆಗಳ ಮೇಲೆ ಮೂಡಿದ್ದವು. ಒಂದು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ; ಇನ್ನೊಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ನಂದಿಸೇನ ಮುನಿಯ ನಿಷಿಧಿ ಶಾಸನ. ಇವೆರಡರಲ್ಲೂ ಇಸವಿಯಿಲ್ಲ, ಅರಸನ ಹೆಸರಿಲ್ಲ. ಲಿಪಿಯ ಲಕ್ಷಣವನ್ನು ಆಧರಿಸಿ ವಿದ್ವಾಂಸರು ಎರಡನ್ನೂ ಸುಮಾರು ಕ್ರಿ.ಶ. 700ರ ಆಸುಪಾಸಿಗೆ ಸೇರಿಸಿದ್ದಾರೆ.

ಒಂದೇ ಕಾಲದ, ಒಂದೇ ಭಾಷೆಯ ಎರಡು ಪದ್ಯಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಸಾಹಿತ್ಯ ತರಗತಿಗಳ ಹಳೆಯ ಅಭ್ಯಾಸ. ಅಮೆರಿಕದ ಕಾವ್ಯವನ್ನು ಪಾಠ ಮಾಡುವವರು ವಾಲ್ಟ್ ವಿಟ್ಮನ್ ಮತ್ತು ಎಮಿಲಿ ಡಿಕಿನ್ಸನ್ ಇವರನ್ನು ಹೀಗೆ ಜೊತೆಗಿಟ್ಟು ನೋಡುತ್ತಾರೆ. ಇಬ್ಬರೂ 19ನೆಯ ಶತಮಾನದವರು, ಇಬ್ಬರೂ ಅದೇ ಅಂತರ್ಯುದ್ಧದ ಕಾಲದಲ್ಲಿ ಬಾಳಿದವರು, ಇಬ್ಬರೂ ಸಾವನ್ನು ಕುರಿತು ಮತ್ತೆಮತ್ತೆ ಬರೆದವರು. ಆದರೆ ಒಬ್ಬನ ಸಾಲು ಸಮುದ್ರದ ಅಲೆಯಂತೆ ನೀಳ. ಇನ್ನೊಬ್ಬಳದು ಪ್ರಾರ್ಥನಾಗೀತೆಯ ಅಳತೆಯಲ್ಲಿ ಬಿಗಿದ ಕಿರಿಯ ಸಾಲು. ಛಂದಸ್ಸಿನ ಆಯ್ಕೆಯೇ ಜೀವನದೃಷ್ಟಿಯ ಆಯ್ಕೆಯೂ ಆಗುವುದನ್ನು ಅವರಿಬ್ಬರಲ್ಲಿ ಕಾಣಬಹುದು. ಅಂಥದೇ ಜೋಡಿಯೊಂದು ಕನ್ನಡದಲ್ಲಿ ಅದಕ್ಕೂ ಸಾವಿರದ ನೂರೈವತ್ತು ವರ್ಷ ಹಿಂದೆಯೇ ಇತ್ತು. ಅದರ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ. ಸಾಹಿತ್ಯ ಚರಿತ್ರೆಗಳು ಈ ಎರಡು ಶಾಸನಗಳನ್ನು ಬೇರೆಬೇರೆಯಾಗಿ ಸ್ಮರಿಸುತ್ತವೆ. ಒಂದನ್ನು ತ್ರಿಪದಿಯ ಮೂಲವೆಂದು, ಇನ್ನೊಂದನ್ನು ಜೈನ ವೈರಾಗ್ಯದ ಮಾದರಿಯೆಂದು ಹೇಳಿ ಮುಂದೆ ಸಾಗುತ್ತವೆ. ಇವೆರಡೂ ಒಂದೇ ಪ್ರಶ್ನೆಗೆ ಸಂದ ಎರಡು ಉತ್ತರಗಳೆಂದು ಓದಿದಾಗ ಮಾತ್ರ ಕನ್ನಡ ಕಾವ್ಯದ ಮೊದಲ ಹೆಜ್ಜೆಗಳ ಪೂರ್ಣ ಸ್ವರೂಪ ತಿಳಿಯುತ್ತದೆ.

ಎರಡು ನೆಲೆಗಳು

ಬಾದಾಮಿ ಚಾಲುಕ್ಯರ ರಾಜಧಾನಿ. ಕೆಂಪು ಮರಳುಗಲ್ಲಿನ ಎರಡು ಎತ್ತರದ ಗುಡ್ಡಗಳ ನಡುವೆ ಅಗಸ್ತ್ಯ ತೀರ್ಥವೆಂಬ ಕೆರೆ. ಗುಡ್ಡದ ಒಡಲಲ್ಲಿ ವೈದಿಕ ಗುಹೆಗಳ ಜೊತೆಗೆ ಒಂದು ಜೈನ ಗುಹೆ. ಮೂರನೆಯ ಗುಹೆಯಲ್ಲಿ 578ರ ಮಂಗಳೇಶನ ಶಾಸನವಿದೆ. ಕಪ್ಪೆ ಅರಭಟ್ಟನ ಶಾಸನ ಇರುವುದು ಕೆರೆಯ ಈಶಾನ್ಯ ದಿಕ್ಕಿಗೆ, ತಟ್ಟುಕೋಟಿಯ ಸಮೀಪದ ಬಂಡೆಗೋಡೆಯ ಮೇಲೆ. ಬಂಡೆ ಇಲ್ಲಿ ನೆಟ್ಟಗೆ ನಿಂತಿದೆ, ಓದುವವನು ತಲೆಯೆತ್ತಿ ನೋಡಬೇಕು. ಹತ್ತು ಸಾಲಿನ ಈ ಬರಹವನ್ನು ಜೆ.ಎಫ್. ಫ್ಲೀಟ್ 1881ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದನು.

ಚಿಕ್ಕಬೆಟ್ಟದ ಆವರಣ ಇದಕ್ಕೆ ತೀರ ಭಿನ್ನ. ಹಳೆಯ ಶಾಸನಗಳು 'ಕಳ್ವಪ್ಪು' ಎಂದೂ ಸಂಸ್ಕೃತದಲ್ಲಿ 'ಕಟವಪ್ರ' ಎಂದೂ ಕರೆದಿರುವ ಈ ಬೆಟ್ಟ ಬೋರಲು ಹಾಕಿದ ಬೋಗುಣಿಯಂತೆ ಹರಡಿಕೊಂಡಿರುವ ನುಣುಪಾದ ಗ್ರಾನೈಟು ಬಂಡೆ. ಇಲ್ಲಿ ಬರಹ ಕಾಲಡಿಯಲ್ಲಿದೆ. ಬಾಗಿ ನೋಡದೆ ಅದು ಕಾಣದು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಷ್ಟೇ ಅಕ್ಷರಗಳು ಎದ್ದು ಕಾಣುತ್ತವೆ. ಎದುರಿನ ದೊಡ್ಡಬೆಟ್ಟದ ಮೇಲೆ ಇಂದು ಜಗತ್ತಿಗೆಲ್ಲ ಪರಿಚಿತನಾದ ಗೊಮ್ಮಟ ನಿಂತಿದ್ದಾನೆ. ನಂದಿಸೇನನ ಕಾಲಕ್ಕೆ ಆ ಮೂರ್ತಿ ಇರಲಿಲ್ಲ. ಚಾವುಂಡರಾಯ ಅದನ್ನು ನಿಲ್ಲಿಸಿದ್ದು 10ನೆಯ ಶತಮಾನದ ಕೊನೆಯ ಭಾಗದಲ್ಲಿ, ಅಂದರೆ ಈ ಪದ್ಯ ಮೂಡಿ ಹೆಚ್ಚುಕಡಿಮೆ 280 ವರ್ಷಗಳಾದ ಮೇಲೆ. ಅಂದಿನ ಬೆಳಗೊಳವೆಂದರೆ ಬರಿಯ ಬಂಡೆ, ಬಂಡೆಯ ಮೇಲೆ ವ್ರತ ಹಿಡಿದು ದೇಹ ಬಿಟ್ಟ ಮುನಿಗಳು ಮತ್ತು ಗಂತಿಯರು, ಅವರ ಹೆಸರು ಕೆತ್ತಿದ ಶಿಷ್ಯರು.

ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ ಶಾಸನಗಳನ್ನು ಸಂಪುಟವಾಗಿ ತಂದನು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ಬಹುವಾಗಿ ವಿಸ್ತರಿಸಿದರು. 7 ಮತ್ತು 8ನೆಯ ಶತಮಾನದ ಹತ್ತಾರು ನಿಷಿಧಿ ಬರಹಗಳು ಅಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಒಂದೆರಡು ಸಾಲಿನವು. ಇಂಥ ಗುರುವಿನ ಶಿಷ್ಯರು, ಇಷ್ಟು ದಿನ ನೋಂತು ಮುಡಿಪಿದರು ಎಂಬ ನಿಶ್ಚಿತ ಅಚ್ಚು ಅವಕ್ಕಿದೆ. ಮೂರು ತಿಂಗಳು ನೋಂತ ನಾಗಮತಿ ಗಂತಿಯರ ಬರಹ ಅಂಥದ್ದು. ನಂದಿಸೇನನ ಪದ್ಯದಲ್ಲಿ ಈ ವಿವರಗಳಾವುವೂ ಇಲ್ಲ. ಅವನ ಗುರು ಯಾರು, ಊರು ಯಾವುದು, ಎಷ್ಟು ದಿನದ ವ್ರತ ಎಂಬುದನ್ನೆಲ್ಲ ಬಿಟ್ಟು, ಅವನು ಏಕೆ ಹೊರಟನೆಂಬುದನ್ನಷ್ಟೇ ಪದ್ಯ ಹಿಡಿದಿದೆ. ದಾಖಲೆಯಾಗಿದ್ದ ಬರಹ ಕವಿತೆಯಾದದ್ದು ಈ ಆಯ್ಕೆಯಿಂದ.

ಬಾದಾಮಿಯ ಬರಹ ನಾಡಿನ ನಡುವೆ, ಜನ ಓಡಾಡುವ ರಾಜಧಾನಿಯಲ್ಲಿ, ಕಣ್ಣೆತ್ತಿದವರಿಗೆಲ್ಲ ಕಾಣುವಂತಿದೆ. ಬೆಳಗೊಳದ ಬರಹ ನಾಡನ್ನು ಬಿಟ್ಟು ಬಂದವರ ಬೆಟ್ಟದಲ್ಲಿ, ಬಾಗಿದವರಿಗೆ ಮಾತ್ರ ದಕ್ಕುವಂತಿದೆ. ನೆಲೆಗಳ ಈ ವ್ಯತ್ಯಾಸವನ್ನೇ ಪದ್ಯಗಳ ಒಡಲೂ ಅನುಸರಿಸುತ್ತದೆ.

ಎರಡು ಬಂಧಗಳು

ಕಪ್ಪೆ ಅರಭಟ್ಟನ ಶಾಸನ ಅವನ ಗುಣಗಳ ಪಟ್ಟಿಯಿಂದ ಮೊದಲಾಗುತ್ತದೆ. ಶಿಷ್ಟರಿಗೆ ಪ್ರಿಯನಾದವನು, ಕೆಟ್ಟವರನ್ನು ದೂರವಿಟ್ಟವನು, 'ಕಲಿಯುಗವಿಪರೀತ'ನೆಂಬ ಬಿರುದುಳ್ಳವನು ಎಂದು ಅದು ಅವನನ್ನು ಪರಿಚಯಿಸುತ್ತದೆ. ಅನಂತರ ಒಂದು ಸಂಸ್ಕೃತ ಶ್ಲೋಕ. ತೇಜಸ್ವಿಯಾದವನಿಗೆ ಮಾನಭಂಗಕ್ಕಿಂತ ಸಾವೇ ಲೇಸು. ಸಾವಿನ ನೋವು ಒಂದು ಕ್ಷಣದ್ದು, ಮಾನ ಹೋದ ನೋವು ದಿನದಿನದ್ದು ಎಂಬುದು ಅದರ ತಾತ್ಪರ್ಯ. ಆ ಬಳಿಕ ಕನ್ನಡದ ಮೂರು ತ್ರಿಪದಿಗಳು. ಮೊದಲನೆಯದರಲ್ಲಿ ಇವನು ಸಜ್ಜನರಿಗೆ ಸಜ್ಜನ, ಮಧುರ ಸ್ವಭಾವದವರಿಗೆ ಮಧುರ, ಬಾಧಿಸುವ ಕಲಿಗೆ ಮಾತ್ರ ಪ್ರತಿಕೂಲ. ಸಾಕ್ಷಾತ್ ಮಾಧವನೇ ಹೊರತು ಬೇರೆಯಲ್ಲ ಎಂಬ ಸ್ತುತಿಯಿದೆ. ಎರಡನೆಯದು ಒಳಿತಾಗಲಿ ಕೆಡುಕಾಗಲಿ ಹಿಂದೆ ಮಾಡಿದ್ದು ಬಂದು ಕೂಡಿಯೇ ತೀರುತ್ತದೆಂಬ ಕರ್ಮವಿಚಾರ. ಮೂರನೆಯದರಲ್ಲಿ ಒಂದು ದೃಶ್ಯವೇ ಇದೆ: ಕಟ್ಟಿದ ಸಿಂಹವನ್ನು ನಮಗೇನು ಕೇಡೆಂದು ಬಿಚ್ಚಿಬಿಟ್ಟವರ ಪಾಡು ಏನಾಗುವುದೋ ಅದೇ ಪಾಡು ಇವನ ಹಗೆಗಳದ್ದು.

ತ್ರಿಪದಿ ಅಂಶಗಣದ ದೇಸಿ ಛಂದಸ್ಸು. ಹನ್ನೊಂದು ಗಣಗಳು ಮೂರು ಸಾಲುಗಳಲ್ಲಿ ಹಂಚಿಹೋಗುತ್ತವೆ; ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಮೊದಲ ತ್ರಿಪದಿಯಲ್ಲಿರುವುದು ಒಟ್ಟು 35ರ ಆಸುಪಾಸು ಅಕ್ಷರ. ಇದು ಹಾಡಿನ ಮಟ್ಟು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಎರಡನೆಯ ಸಾಲನ್ನು ಮರಳಿ ಎಳೆದು ಹಾಡುತ್ತಿದ್ದದ್ದು ಇದೇ ಮಟ್ಟನ್ನು. ಬರಹಕ್ಕಿಂತ ಮೊದಲೇ ಜನರ ಬಾಯಲ್ಲಿ ಅದು ಪಳಗಿರಬೇಕು; ಇಲ್ಲದಿದ್ದರೆ ಕಲ್ಲಿನ ಮೇಲೆ ಮೊದಲ ಬಾರಿಗೆ ಕಾಣುವಾಗಲೇ ಇಷ್ಟು ಹದವಾಗಿ ಬರುತ್ತಿರಲಿಲ್ಲ.

ನಂದಿಸೇನನ ಪದ್ಯ ಇದಕ್ಕೆ ವಿರುದ್ಧವಾಗಿ ಸಂಸ್ಕೃತ ಮೂಲದ ಮಹಾಸ್ರಗ್ಧರೆಯಲ್ಲಿದೆ. ಪಾದಕ್ಕೆ 22 ಅಕ್ಷರ, ನಾಲ್ಕು ಪಾದಕ್ಕೆ 88. ಸ, ತ, ತ, ನ, ಸ, ರ, ರ ಎಂಬ ಏಳು ಗಣಗಳೂ ಕೊನೆಗೊಂದು ಗುರುವೂ ಬರುವ ಈ ವೃತ್ತ ಮುಂದೆ 'ಖ್ಯಾತ ಕರ್ನಾಟಕ'ಗಳೆಂದು ಪ್ರಸಿದ್ಧವಾದ ಆರು ವೃತ್ತಗಳಲ್ಲಿ ಒಂದು. ಪಂಪ ರನ್ನರು ಇವುಗಳನ್ನು ಮೆರೆಸುವುದಕ್ಕೆ ಎರಡು ಶತಮಾನಗಳಿಗಿಂತ ಹಿಂದೆಯೇ ಬೆಟ್ಟದ ಮೇಲಿನ ಅಜ್ಞಾತ ಕವಿಯೊಬ್ಬ ಇದನ್ನು ಎಡವದೆ ನಡೆಸಿದ್ದಾನೆ. ಕನ್ನಡದಲ್ಲಿ ಈಗ ದೊರೆತಿರುವ ಅತಿ ಹಳೆಯ ಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿದ್ದು ಸುಮಾರು 850ರಲ್ಲಿ. ಅದು ಸ್ಮರಿಸುವ ಹಿಂದಿನ ಕವಿಗಳ ಕೃತಿಗಳು ಉಳಿದಿಲ್ಲ. ಆ ಕಳೆದುಹೋದ ಕಾವ್ಯಪರಂಪರೆ ನಿಜವಾಗಿಯೂ ಇತ್ತೆಂಬುದಕ್ಕೆ ಇಂಥ ಬಂಡೆಗಳೇ ಸಾಕ್ಷಿ. ಚಿತ್ರದುರ್ಗದ ಬಳಿಯ ತಮಟಕಲ್ಲಿನ ಪದ್ಯ ಇವೆರಡಕ್ಕಿಂತ ಹಳೆಯದೆಂದು ಎಣಿಸಲಾಗಿದೆ. ಆದರೆ ಮಾರ್ಗ ಮತ್ತು ದೇಸಿ ಎಂದು ನಾವು ಕರೆಯುವ ಎರಡು ದಾರಿಗಳು ಒಂದೇ ಕಾಲದಲ್ಲಿ, ಎರಡೂ ಹದಕ್ಕೆ ಬಂದ ಸ್ಥಿತಿಯಲ್ಲಿ ಒಟ್ಟಿಗೆ ಕಾಣುವುದು ಈ ಜೋಡಿಯಲ್ಲಿ.

ಯಾವ ದಾರಿ ಯಾರದೆಂಬುದನ್ನೂ ಗಮನಿಸಬೇಕು. ವೀರನ ಸ್ತುತಿಗೆ ದೇಸಿ ಬಂದಿದೆ, ವಿರಾಗಿಯ ಮಾತಿಗೆ ಮಾರ್ಗ ಬಂದಿದೆ. ವೀರನನ್ನು ಹತ್ತು ಜನ ಹಾಡಬೇಕು. ಅವನ ಕೀರ್ತಿ ನಾಲಗೆಯಿಂದ ನಾಲಗೆಗೆ ಹರಿಯಬೇಕು. ಅದಕ್ಕೆ ಚಿಕ್ಕದಾದ, ನೆನಪಿನಲ್ಲಿ ಉಳಿಯುವ ಮಟ್ಟು ಬೇಕು. ವಿರಾಗಿಯ ಮಾತು ಒಂದು ನಿರ್ಧಾರದ ಕಾರಣವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಬೇಕು. ಅದಕ್ಕೆ ಉದ್ದವಾದ ಉಸಿರು ಬೇಕು.

ಅಲಂಕಾರ, ಪ್ರಾಸ, ಧ್ವನಿ

ಎರಡೂ ಪದ್ಯಗಳು ಆದಿಪ್ರಾಸವನ್ನು, ಅಂದರೆ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಕನ್ನಡದ ನಿಯಮವನ್ನು ಪಾಲಿಸುತ್ತವೆ. ಬಾದಾಮಿಯ ಮೊದಲ ತ್ರಿಪದಿಯಲ್ಲಿ ದೀರ್ಘಾಕ್ಷರದ ಬೆನ್ನಿಗೆ ಧಕಾರ ಬರುತ್ತದೆ. ಲಾಕ್ಷಣಿಕರು ಇದನ್ನು ಗಜಪ್ರಾಸವೆಂದರು. ಸಿಂಹದ ತ್ರಿಪದಿಯಲ್ಲಿ ಟಕಾರದ ಒತ್ತು ಮೂರು ಸಾಲಿನಲ್ಲೂ ಬಡಿಯುತ್ತದೆ. ಕಟ್ಟಿದ್ದು, ಬಿಟ್ಟದ್ದು, ಕೆಟ್ಟದ್ದು ಎಂಬ ಮೂರು ಕ್ರಿಯೆಗಳು ಆ ಒತ್ತಿನಲ್ಲೇ ಒಂದರ ಹಿಂದೊಂದು ನಡೆದುಹೋಗುತ್ತವೆ. ಇಡೀ ಕಥೆ ಪ್ರಾಸಸ್ಥಾನದಲ್ಲಿದೆ. ಈಗಲೂ ಊರುಕೇರಿಯ ಗಾದೆಗಳು ಇದೇ ತಂತ್ರದಿಂದ ನಿಲ್ಲುತ್ತವೆ.

ನಂದಿಸೇನನ ಪದ್ಯದಲ್ಲಿ ಪ್ರಾಸಾಕ್ಷರ ರಕಾರ, ಅದರ ಹಿಂದಿರುವುದು ಹ್ರಸ್ವ. ಲಾಕ್ಷಣಿಕರ ಮಾತಿನಲ್ಲಿ ಇದು ಸಿಂಹಪ್ರಾಸ. ಸಿಂಹದ ಉಪಮೆ ಬಾದಾಮಿಯ ವೀರನಿಗಿದ್ದರೆ ಸಿಂಹಪ್ರಾಸ ಬೆಳಗೊಳದ ಮುನಿಗಿದೆ. ರಕಾರದ ಬಡಿತ ಮೃದು. ಅದು ಓದುವವನನ್ನು ತಡೆಯದೆ ಮುಂದೆ ಸಾಗಿಸುತ್ತದೆ.

ಉಪಮೆಗಳ ಬಳಕೆಯಲ್ಲಿ ಭೇದ ಇನ್ನೂ ಸ್ಪಷ್ಟ. ಬಾದಾಮಿಯ ಕವಿ ಒಂದೇ ಉಪಮೆಯನ್ನು ತಂದು ಅದನ್ನು ಪೂರ್ಣ ಘಟನೆಯಾಗಿ ಬೆಳೆಸುತ್ತಾನೆ. ಕಟ್ಟಿದ ಪ್ರಾಣಿ, ಅವಿಚಾರದ ಮನುಷ್ಯ, ಅನಿವಾರ್ಯವಾದ ಫಲ. ಬೆಳಗೊಳದ ಕವಿ ಒಂದರ ಮೇಲೊಂದರಂತೆ ಮೂರು ಉಪಮೆಗಳನ್ನು ತರುತ್ತಾನೆ: ಮಳೆಬಿಲ್ಲು, ಮಿಂಚಿನ ಬಳ್ಳಿ, ಮಂಜು. ಯಾವುದನ್ನೂ ಬೆಳೆಸುವುದಿಲ್ಲ. ಒಂದು ಕಾಣುವಷ್ಟರಲ್ಲಿ ಮತ್ತೊಂದು ಬರುತ್ತದೆ. ಬೇಗ ತೋರಿ ಬೇಗ ಮಾಯವಾಗುವ ವಸ್ತುಗಳನ್ನು ಹೇಳುವಾಗ ಉಪಮೆಗಳೂ ಹಾಗೆಯೇ ತೋರಿ ಮಾಯವಾಗುತ್ತವೆ. ಮೂರೂ ಆಕಾಶಕ್ಕೆ, ನೀರಿಗೆ ಸೇರಿದವು. ಮೂರಕ್ಕೂ ರೂಪವಿದೆ, ಒಡಲಿಲ್ಲ. ಅವುಗಳ ಕ್ರಮದಲ್ಲಿಯೂ ವಿಚಾರವಿದೆ. ಮಳೆಬಿಲ್ಲು ಚೆಲುವಾದದ್ದು, ಮಿಂಚು ಬೆರಗಿನದು, ಮಂಜು ದಿನನಿತ್ಯದ್ದು. ವಿಶೇಷವಾದದ್ದರಿಂದ ಸಾಮಾನ್ಯವಾದದ್ದಕ್ಕೆ ಇಳಿಯುವ ಈ ಕ್ರಮ ನಶ್ವರತೆ ಎಲ್ಲೆಲ್ಲೂ ಇದೆಯೆಂಬುದನ್ನು ತರ್ಕವಿಲ್ಲದೆ ತಿಳಿಸುತ್ತದೆ. ಅದಾದ ಮೇಲೆಯೇ ಸಿರಿ, ರೂಪ, ಲೀಲೆ, ಧನ, ವೈಭವಗಳ ದೊಡ್ಡ ರಾಶಿ ಒಂದೇ ಸಮಾಸದಲ್ಲಿ ಬರುತ್ತದೆ. ಮನುಷ್ಯ ಕೂಡಿಹಾಕುವುದೆಲ್ಲ ಆ ಒಂದು ಪದದಲ್ಲಿ ರಾಶಿಬಿದ್ದಿದೆ. ಅದು ಯಾರಿಗೂ ನಿಲ್ಲದೆಂದು ವಾಕ್ಯ ಮುಗಿಯುತ್ತದೆ.

ಮೂರನೆಯ ಪಾದದಲ್ಲಿ ಪದ್ಯದ ಧ್ವನಿ ತಿರುಗುತ್ತದೆ. ಈವರೆಗೆ ಕವಿ ಲೋಕದ ಸ್ಥಿತಿಯನ್ನು ಹೇಳುತ್ತಿದ್ದನು. ಈಗ ನಂದಿಸೇನನೇ ಉತ್ತಮ ಪುರುಷದಲ್ಲಿ ಮಾತನಾಡುತ್ತಾನೆ: ಈ ಧರೆಯ ಮೇಲಿನ ಇರವನ್ನು ನಾನು ಮೆಚ್ಚಲಾರೆ ಎಂಬುದು ಅವನ ಮಾತಿನ ಭಾವ. ಬಳಿಕ ಸನ್ಯಾಸನ ವ್ರತವನ್ನು ಕೈಗೊಂಡು ದೇವಲೋಕಕ್ಕೆ ಸಂದನೆಂಬಲ್ಲಿಗೆ ಪದ್ಯ ಮುಗಿಯುತ್ತದೆ. ಇಲ್ಲಿ ಕವಿ ಮಾಡಿರುವ ಒಂದು ಸಣ್ಣ ಕೆಲಸವನ್ನು ಗಮನಿಸಬೇಕು. 'ಗೆಯ್ದು' ಎಂಬ ಕ್ರಿಯಾಪದ ಮೂರನೆಯ ಪಾದದ ಕೊನೆಯಲ್ಲಿ ಒಡೆದು, ಅದರ ಉತ್ತರಾರ್ಧ ನಾಲ್ಕನೆಯ ಪಾದದ ಮೊದಲಿಗೆ ಹೋಗಿದೆ. ಪ್ರಾಸಕ್ಕೂ ಛಂದಸ್ಸಿಗೂ ಅದು ಅನುಕೂಲ, ನಿಜ. ಆದರೆ ವ್ರತದ ಕ್ರಿಯೆಯೇ ಒಂದು ಪಾದದಿಂದ ಮತ್ತೊಂದು ಪಾದಕ್ಕೆ, ಈ ಧರೆಯ ಮಾತಿನಿಂದ ದೇವಲೋಕದ ಮಾತಿಗೆ ದಾಟುವ ಕಾಲುಸಂಕವಾಗಿರುವುದನ್ನು ಓದುಗ ಅನುಭವಿಸದೆ ಇರಲಾರ.

ಮಾನ ಮತ್ತು ನಿರ್ಧಾರ

ಎರಡು ಪದ್ಯಗಳ ವಸ್ತುವನ್ನು ಮೇಲ್ನೋಟಕ್ಕೆ ಹೇಳಿಬಿಡುವುದು ಸುಲಭ. ಒಂದು ಕಲಿತನವನ್ನು ಹೊಗಳುತ್ತದೆ, ಇನ್ನೊಂದು ವೈರಾಗ್ಯವನ್ನು. ಒಂದು ಲೌಕಿಕ, ಇನ್ನೊಂದು ಧಾರ್ಮಿಕ. ಆದರೆ ಈ ವಿಭಾಗ ಪದ್ಯಗಳ ಒಳಗೆ ಹೊಕ್ಕೊಡನೆ ಸಡಿಲವಾಗುತ್ತದೆ. ಎರಡೂ ಸಾವನ್ನು ಹೆದರಿಕೆಯಿಲ್ಲದೆ ನೋಡುತ್ತವೆ. ಸಾವು ಒಂದು ಕ್ಷಣದ್ದೆಂದು ಬಾದಾಮಿಯ ಶ್ಲೋಕ ಹೇಳಿದರೆ, ಬಾಳೇ ಒಂದು ಕ್ಷಣದ್ದೆಂದು ಬೆಳಗೊಳದ ವೃತ್ತ ಹೇಳುತ್ತದೆ. ಮೊದಲನೆಯದು ಕ್ಷಣಿಕವಾದ ಸಾವಿನ ಎದುರು ಶಾಶ್ವತವಾದ ಮಾನವನ್ನು ಇಡುತ್ತದೆ. ಎರಡನೆಯದು ಕ್ಷಣಿಕವಾದ ಬಾಳಿನ ಎದುರು ಪರಮಾರ್ಥವನ್ನು ಇಡುತ್ತದೆ. ತಕ್ಕಡಿ ಒಂದೇ, ತಟ್ಟೆಯಲ್ಲಿರುವುದು ಬೇರೆ.

ಬಾದಾಮಿಯ ಎರಡನೆಯ ತ್ರಿಪದಿಯ ಪುರಾಕೃತದ ಮಾತು ಜೈನನಿಗೂ ಅಪರಿಚಿತವಲ್ಲ. ಮಾಡಿದ್ದು ಬಂದು ಕೂಡುತ್ತದೆಂಬ ನಂಬಿಕೆ ವೀರನ ಸ್ತುತಿಯ ನಡುವೆ ಬಂದು ಅವನ ಗರ್ವಕ್ಕೊಂದು ಅಂಕೆ ಹಾಕುತ್ತದೆ. ಹಗೆಯ ನಾಶಕ್ಕೆ ಹಗೆಯ ಅವಿಚಾರವೇ ಕಾರಣವೆನ್ನುವ ಸಿಂಹದ ಚಿತ್ರದಲ್ಲೂ ಅದೇ ನೀತಿಯಿದೆ. ಅರಭಟ್ಟ ತಾನಾಗಿ ಯಾರ ಮೇಲೂ ಬೀಳಲಿಲ್ಲ. ಕಟ್ಟು ಬಿಚ್ಚಿದವರು ಅವರು.

ಎಲ್ಲಕ್ಕಿಂತ ಹೆಚ್ಚಿನ ಭೇದ ಇರುವುದು 'ನಾನು' ಎಂಬ ಪದದಲ್ಲಿ. ಮಾನವನ್ನೇ ಮುಖ್ಯವಾಗಿ ಹಿಡಿದ ಬಾದಾಮಿಯ ಪದ್ಯದಲ್ಲಿ ವೀರ ಒಮ್ಮೆಯೂ 'ನಾನು' ಎನ್ನುವುದಿಲ್ಲ. ಅವನ ವಿಷಯವನ್ನು ಹೇಳುವವರು ಬೇರೆಯವರು, ಅವನು 'ಈತ'ನಷ್ಟೇ. ಮಾನವೆಂಬುದು ಇತರರ ಕಣ್ಣಲ್ಲಿ ಇರುವಂಥದ್ದು, ಅದಕ್ಕೆ ಸಾಕ್ಷಿಗಳು ಬೇಕು. ಎಲ್ಲವನ್ನೂ ಬಿಟ್ಟು ಹೊರಡುವ ಮುನಿಯ ಪದ್ಯದಲ್ಲಿಯಾದರೋ 'ನಾನು' ಬಂದಿದೆ. ಇದು ವಿರೋಧಾಭಾಸದಂತೆ ಕಂಡರೂ ವಿರೋಧವಲ್ಲ. ಬಿಡುವವನು ತಾನೇ ಬಿಡಬೇಕು. ಬೇರೆಯವರು ಬಿಡಿಸಿದರೆ ಅದು ವ್ರತವಾಗದು. ಎಚ್ಚರವುಳ್ಳ ಒಬ್ಬ ವ್ಯಕ್ತಿ ಯೋಚಿಸಿ, ತೂಗಿ, ತೀರ್ಮಾನಿಸಿ ಆಡಿದ ಮಾತೆಂಬುದನ್ನು ಕಾಣಿಸಲಿಕ್ಕಾಗಿಯೇ ಕವಿ ಅವನಿಗೆ ಉತ್ತಮ ಪುರುಷವನ್ನು ಕೊಟ್ಟಿದ್ದಾನೆ. ಪದ್ಯ ಅವನನ್ನು ಕರೆಯುವುದು ಹಿರಿದಾದ ಸತ್ವವುಳ್ಳವನೆಂದು. ದಣಿದವನೆಂದಾಗಲಿ ನೊಂದವನೆಂದಾಗಲಿ ಅದು ಹೇಳುವುದಿಲ್ಲ.

ಈ ವಿಚಾರಕ್ಕೆ ಇಂದಿಗೂ ಬೆಲೆಯಿದೆ. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ವಾದವಿವಾದದಲ್ಲಿ ಆಗಮಗಳೂ ಶ್ರಾವಕಾಚಾರಗಳೂ ಉದ್ಧೃತವಾದವು. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಧರ್ಮಕ್ಕಾಗಿ ದೇಹ ಬಿಡುವುದನ್ನು ಸಲ್ಲೇಖನವೆಂದು ಲಕ್ಷಣೀಕರಿಸಿದೆ. ನಂದಿಸೇನನ ಪದ್ಯ ಆ ಕಾರಣಗಳಲ್ಲಿ ಒಂದನ್ನೂ ಹೆಸರಿಸದೆ ಅನಿತ್ಯತೆಯ ಅರಿವೊಂದನ್ನೇ ಹೇಳುತ್ತದೆ. ಅದು ಶಾಸ್ತ್ರದ ವಿಧಿಯಲ್ಲ, ನ್ಯಾಯಾಲಯಕ್ಕೆ ಒಪ್ಪಿಸುವ ಪ್ರಮಾಣವೂ ಅಲ್ಲ, ಅನುಸರಿಸಬೇಕೆಂದು ಯಾರಿಗೂ ನೀಡಿದ ಬೋಧೆಯೂ ಅಲ್ಲ. ಆದರೆ ಈ ವ್ರತವನ್ನು ಅದರ ಕಾಲದ ಜನ ಯಾವ ಭಾವದಲ್ಲಿ ಕಂಡರೆಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ಸಿಗಲಾರದು. ಷ. ಶೆಟ್ಟರ್ ಅವರು ಬೆಳಗೊಳದ ನಿಷಿಧಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿ ಬರೆದ ಗ್ರಂಥಗಳು ತೋರಿಸಿದ್ದೂ ಇದನ್ನೇ: ಈ ಬೆಟ್ಟದ ಬರಹಗಳಲ್ಲಿ ಸಾವು ಹತಾಶೆಯಾಗಿ ಬಂದಿಲ್ಲ, ಕ್ರಮವಾಗಿ ನಡೆದ ಸಾಧನೆಯಾಗಿ ಬಂದಿದೆ.

ಎರಡು ಬಂಡೆಗಳಿಂದ ಪಂಪನವರೆಗೆ

ಈ ಎರಡು ಧಾರೆಗಳು ಮುಂದೆ ಬೇರೆಬೇರೆಯಾಗಿ ಹರಿದಂತೆ ಕಂಡರೂ ಕನ್ನಡದ ಶ್ರೇಷ್ಠ ಕವಿಗಳಲ್ಲಿ ಅವು ಕೂಡಿವೆ. 941ರಲ್ಲಿ ಪಂಪ 'ಆದಿಪುರಾಣ'ವನ್ನೂ ಅದರ ಬೆನ್ನಿಗೆ 'ವಿಕ್ರಮಾರ್ಜುನ ವಿಜಯ'ವನ್ನೂ ರಚಿಸಿದನು. ಒಂದರಲ್ಲಿ ಜಿನಾಗಮವನ್ನು, ಇನ್ನೊಂದರಲ್ಲಿ ಲೌಕಿಕವನ್ನು ಬೆಳಗುತ್ತೇನೆಂದು ಅವನೇ ಹೇಳಿಕೊಂಡನು. 'ಆದಿಪುರಾಣ'ದಲ್ಲಿ ನೀಲಾಂಜನೆ ಪುರುದೇವನ ಮುಂದೆ ಕುಣಿಯುತ್ತಿರುವಾಗಲೇ ಆಯುಷ್ಯ ತೀರಿ ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಅಂಥದೇ ಮತ್ತೊಂದು ರೂಪವನ್ನು ಅಲ್ಲಿ ನಿಲ್ಲಿಸಿದರೂ ಆದಿದೇವನ ಕಣ್ಣಿಗೆ ಆ ವ್ಯತ್ಯಾಸ ತಪ್ಪುವುದಿಲ್ಲ. ವೈರಾಗ್ಯದ ಆ ಕ್ಷಣ ಚಿಕ್ಕಬೆಟ್ಟದ ಪದ್ಯದ ಮಿಂಚಿನ ಬಳ್ಳಿಯೇ ನರ್ತಕಿಯ ರೂಪ ತಾಳಿ ಬಂದಂತಿದೆ. ಮಾನಕ್ಕಾಗಿ, ಕೊಟ್ಟ ಮಾತಿಗಾಗಿ ಪ್ರಾಣವನ್ನೇ ಕಡೆಗಣಿಸುವ 'ವಿಕ್ರಮಾರ್ಜುನ ವಿಜಯ'ದ ಕರ್ಣನಲ್ಲಿ ಬಾದಾಮಿಯ ಶ್ಲೋಕದ ತಿರುಳಿದೆ. ರನ್ನ ಕೂಡ 'ಅಜಿತಪುರಾಣ'ವನ್ನೂ 'ಗದಾಯುದ್ಧ'ವನ್ನೂ ಒಂದೇ ಲೇಖನಿಯಿಂದ ಬರೆದನು. ಜೈನಕವಿಗಳು ವೀರವನ್ನು ಏಕೆ ಹಾಡಿದರೆಂದು ಅಚ್ಚರಿಪಡುವವರಿಗೆ ಉತ್ತರ ಇಲ್ಲಿದೆ. ಅವರ ಭಾಷೆಗೆ ಮೊದಲಿನಿಂದಲೂ ಎರಡು ಕಣ್ಣುಗಳಿದ್ದವು.

ಛಂದಸ್ಸಿನ ಪಯಣ ಮಾತ್ರ ಅದಲುಬದಲಾಯಿತು. ಮುನಿಯ ಮಹಾಸ್ರಗ್ಧರೆ ಆಸ್ಥಾನಗಳಿಗೆ ಹೋಗಿ ಅರಸರ ಪರಾಕ್ರಮವನ್ನು ವರ್ಣಿಸಿತು. ವೀರನ ತ್ರಿಪದಿ ಅಕ್ಕಮಹಾದೇವಿಯ 'ಯೋಗಾಂಗ ತ್ರಿವಿಧಿ'ಯಲ್ಲಿ ಅಧ್ಯಾತ್ಮವನ್ನು ಹೇಳಿತು, ಸರ್ವಜ್ಞನ ನಾಲಗೆಯಲ್ಲಿ ಲೋಕದ ಡಂಭವನ್ನು ಬಯಲು ಮಾಡಿತು, ಗರತಿಯರ ಬೀಸುಕಲ್ಲಿನ ಮುಂದೆ ತವರಿನ ನೆನಪಾಯಿತು. ದೇಸಿ ಬಿಡುವುದನ್ನು ಕಲಿಯಿತು, ಮಾರ್ಗ ಮೆರೆಯುವುದನ್ನು ಕಲಿಯಿತು.

ಇನ್ನೊಂದು ಸಂಗತಿ ಎರಡೂ ಬಂಡೆಗಳ ಮುಂದೆ ನಿಂತವರ ಮನಸ್ಸಿಗೆ ಬರುತ್ತದೆ. ಯಾವುದೂ ನಿಲ್ಲದೆಂದು ಹೇಳಿದ ಪದ್ಯವನ್ನು ನಿಲ್ಲುವ ಕಲ್ಲಿನ ಮೇಲೆ ಕೆತ್ತಿಸಿದರು. ಕೆತ್ತಿಸಿದವನು ನಂದಿಸೇನನಲ್ಲ, ಅವನ ಹಿಂದೆ ಉಳಿದವರು. ಹೋದವನಿಗೆ ಹೆಸರು ಬೇಕಿರಲಿಲ್ಲ, ಉಳಿದವರಿಗೆ ಬೇಕಿತ್ತು. ಕೀರ್ತಿಗಾಗಿಯೇ ಬಾಳಿದ ಅರಭಟ್ಟನ ಗತಿ ನೋಡಿದರೆ, ಅವನ ಕುಲ ಯಾವುದು, ಅವನು ಕಾದಿದ ಯುದ್ಧ ಯಾವುದು ಎಂಬುದನ್ನು ಅವನ ಶಾಸನ ತಿಳಿಸುವುದಿಲ್ಲ. ಉಳಿದಿರುವುದು ಅವನ ಗುಣ ಮತ್ತು ಮೂರು ತ್ರಿಪದಿಗಳು. ವೀರನ ಮಾನ, ಮುನಿಯ ತ್ಯಾಗ ಎರಡನ್ನೂ ನಮ್ಮವರೆಗೆ ತಂದದ್ದು ಹೆಸರು ತಿಳಿಯದ ಇಬ್ಬರು ಕವಿಗಳ ಕನ್ನಡ.

ಹೆಬ್ಬಾಳದ ಕಿತ್ತಯನಿಗೆ ಅಂಥ ಕವಿ ಸಿಗಲಿಲ್ಲ. ಹನ್ನೆರಡು ಶತಮಾನಗಳಿಗೂ ಹೆಚ್ಚಿನ ಕಾಲ ಸಂದ ಮೇಲೆ ಅವನ ಕಲ್ಲು ಬೆಳಕಿಗೆ ಬಂತು. ನಾಗರಿಕರ ಆಸಕ್ತಿಯಿಂದ ಅದಕ್ಕೊಂದು ಮಂಟಪವಾಯಿತು; ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು ನಡೆಸಿದೆ. ಕೊಡಿಗೇಹಳ್ಳಿ, ಹೆಬ್ಬಾಳ, ಯಲಹಂಕಗಳ ಸುತ್ತ ನೆಲ ಅಗೆಯುವ ಯಂತ್ರಗಳು ದಿನವೂ ಕೆಲಸ ಮಾಡುತ್ತಿವೆ. ಅವುಗಳ ಹಲ್ಲಿಗೆ ಸಿಗುವ ಚಪ್ಪಡಿಗ ಮೇಲೆ ಅಕ್ಷರವಿದ್ದರೆ ಅದು ಗುರುತಾಗುವುದು ಓದಬಲ್ಲ ಕಣ್ಣೊಂದು ಅಲ್ಲಿದ್ದಾಗ ಮಾತ್ರ. ತಲೆಯೆತ್ತಿ ಓದಬೇಕಾದ ಬಂಡೆಯನ್ನೂ ಬಾಗಿ ಓದಬೇಕಾದ ಬಂಡೆಯನ್ನೂ ಸಮನಾಗಿ ಓದಬಲ್ಲ ಕಣ್ಣು ಅದಾಗಿರಬೇಕು. ಕನ್ನಡದ ಮೊದಲ ಕವಿಗಳು ಬರೆದದ್ದು ಅಂಥ ಓದುಗನಿಗಾಗಿ.